ಹನ್ನೊಂದು ಮಿಲ್ಲಿಮೀಟರ್

ಎಂತ ಉಂಟು ಅದರಲ್ಲಿ ಎಂದು ಕೇಳಿದೆ
ಮಿಸ್ರಿಯಾಳ ಹತ್ತಿರ, ಚೀಲ ಮೇಜಿನ ಮೇಲಿಡುತ್ತಾ.
ಅರ್ಧ ಕಿಲೋ ಕೇಪಳದ ಬೇರು, ಮಣ್ಣು ಕೊಡವಿದ್ದು,
ಅಸೈಗೋಳಿಯಿಂದ ಬಸ್ಸಲ್ಲಿ ಮಡಿಲಲ್ಲಿಟ್ಟು ತಂದದ್ದು.
ಕಂಡಕ್ಟರ್ ಮೂಸಿ ನೋಡಿ, ಮದ್ದಾ? ಅಂದಿದ್ದ.

ಅದನ್ನೇ ನೋಡುವುದಕ್ಕ, ಅಂದಳು ಹುಡುಗಿ.

ಇಪ್ಪತ್ತಾರು ವರ್ಷ ದೇರಳಕಟ್ಟೆಯ ಈ ಲ್ಯಾಬಿನಲ್ಲಿ
ಗಾಜು ತೊಳೆದವಳು ನಾನು.
ಯಾವ ಬೀಕರಿನ ಅಂಚು ಎಲ್ಲಿ ಒಡೆದಿದೆ, ಬೆರಳಿಗೆ ಗೊತ್ತು.
ಒಳಗೆ ಕುದಿದದ್ದರ ಹೆಸರು ಯಾರೂ ಹೇಳಿದ್ದಿಲ್ಲ,
ನಾನೂ ಕೇಳಿದ್ದಿಲ್ಲ.
ಕೇಪಳ ಅಂದದ್ದಕ್ಕೆ ಮಾತ್ರ ಕೇಳಿದೆ.

ಹೂವಿನಲ್ಲಿ ಎಂತ ಉಂಟು, ನನಗೇ ಗೊತ್ತು:
ಕೇಸರ ಮೆಲ್ಲಗೆ ಎಳೆದರೆ ತುದಿಯಲ್ಲಿ
ಸೂಜಿಮೊನೆಯಷ್ಟು ಜೇನು.
ಶಾಲೆಗೆ ತಲುಪುವುದರೊಳಗೆ ನೂರು ಹೂ ಬೇಕು
ನಾಲಿಗೆ ನೆನೆಯಲಿಕ್ಕೆ.

ಬೇರು ಬೇರೆ.
ಹನ್ನೆರಡು ದಿನ ನೆರಳಲ್ಲಿ ಒಣಗಿತು, ಪುಡಿಯಾಯಿತು.
ಸಾಕ್ಸ್‌ಲೆಟ್ಟಿನ ಗಾಜಿನ ಕೊರಳಲ್ಲಿ
ಮೆಥನಾಲ್ ಏರಿತು, ತಣಿದು ತೊಟ್ಟಿಕ್ಕಿತು, ತುಂಬಿತು,
ತಟ್ಟನೆ ಜಾರಿ ಖಾಲಿಯಾಗಿ
ಮತ್ತೆ ಏರಿತು.
ಮೊದಲ ಸುತ್ತು ಹಳೆ ಹಂಚಿನ ಬಣ್ಣ,
ಹದಿನೆಂಟನೆಯದು ಬರಿಯ ನೀರು.
ತಳದಲ್ಲಿ ಕೊನೆಗೆ ಉಳಿದದ್ದು
ಬೆಲ್ಲದ ಪಾಕ ಸೀದಂತೆ ಒಂದಿಷ್ಟು ಅಂಟು.

ಮಿಸ್ರಿಯಾ ಹಾಜರಿ ಕರೆದಳು.
ಫೆರಿಕ್ ಕ್ಲೋರೈಡ್ ಎರಡು ಹನಿ, ಕಡುಹಸಿರು: ಟ್ಯಾನಿನ್ ಉಂಟು.
ಮೆಗ್ನೀಷಿಯಂ ಚೂರು, ಆಮ್ಲ, ಗುಲಾಬಿ: ಫ್ಲೇವನಾಯ್ಡ್ ಉಂಟು.
ಆಲ್ಕಲಾಯ್ಡ್ ಕರೆದಾಗ ಯಾರೂ ಓ ಅನ್ನಲಿಲ್ಲ.
ಸಿಲಿಕಾ ಬಳಿದ ತಟ್ಟೆ ಬಿಸಿಯಾಗುತ್ತಾ
ಏನೂ ಇಲ್ಲದಲ್ಲಿ ನೇರಳೆ ಮಚ್ಚೆ ಎದ್ದಿತು,
ಬಿದ್ದ ಎರಡು ದಿನಕ್ಕೆ ಮೊಣಕಾಲಲ್ಲಿ ಮೂಡುವ ಹಾಗೆ.
ಲ್ಯುಪಿಯಾಲ್, ಅಂದಳು. ಬಾವು ಇಳಿಸುತ್ತದಂತೆ.

ನಾನು ಬೇರೆ ಏನನ್ನೋ ಕಾಯುತ್ತಿದ್ದೆ.

ತಮ್ಮನಿಗೆ ರಕ್ತಭೇದಿ ಹಿಡಿದದ್ದು ಎಪ್ಪತ್ತೆಂಟರ ಮೇ ತಿಂಗಳು.
ಅಮ್ಮ ಇದೇ ಬೇರನ್ನು ಮಜ್ಜಿಗೆಯಲ್ಲಿ ಅರೆದು
ಒಳಲೆಯಲ್ಲಿ ಕುಡಿಸಿದಳು, ಮೂರು ಹೊತ್ತು.
ಎರಡನೆಯ ದಿನ ಐತಪ್ಪ ಎದ್ದು ಕುಳಿತ,
ಗೆರಸೆಗೆ ಕೈಹಾಕಿ ಅಕ್ಕಿ ಚೆಲ್ಲಿ ನಕ್ಕ.
ನಾಲ್ಕನೆಯ ದಿನ ಏಳಲಿಲ್ಲ.

ಮದ್ದು ಕಮ್ಮಿಯಾಯಿತು, ಅಂದರು ಕೆಲವರು.
ಹೆಚ್ಚಾಯಿತು, ಅಂದರು ಉಳಿದವರು.
ಅಮ್ಮ ಏನೂ ಅನ್ನದೆ ಅರೆಯುವ ಕಲ್ಲು ಕವುಚಿಟ್ಟಳು.
ಆ ಮಳೆಗಾಲವಿಡೀ ನಮ್ಮ ಚಟ್ನಿ
ಬೆನ್ನಿ ಬಾಯಿಯ ಮನೆಯ ಕಲ್ಲಿನಲ್ಲಿ.

ಅಗಾರ್ ತಟ್ಟೆಯಲ್ಲಿ ರಾತ್ರಿಯಿಡೀ ಬೆಳೆದಿತ್ತು
ಅದೇ ಭೇದಿಯ ರೋಗಾಣು,
ಉಸಿರು ಊದಿದ ಕನ್ನಡಿಯ ಹಾಗೆ ಮಬ್ಬಾಗಿ.
ಮಬ್ಬಿನ ನಡುವೆ ಎರಡು ತಿಳಿ ವೃತ್ತ.
ಪ್ಲಾಸ್ಟಿಕ್ ಸ್ಕೇಲಿಟ್ಟು ಅಳೆದಳು ಮಿಸ್ರಿಯಾ:
ಮಾತ್ರೆಯದ್ದು ಇಪ್ಪತ್ತಮೂರು, ಕೇಪಳದ್ದು ಹನ್ನೊಂದು.
ಅರ್ಧಕ್ಕೂ ಚೂರು ಕಮ್ಮಿ. ಆದರೂ ಉಂಟಲ್ಲ ಅಕ್ಕ,
ಎಂತದೋ ಉಂಟು!
ಅಷ್ಟು ಖುಷಿ ಅವಳಿಗೆ, ಮಾಸ್ಕ್ ಗದ್ದಕ್ಕೆ ಜಾರಿತ್ತು.

ಅವಳು ಊಟಕ್ಕೆ ಹೋದ ಮೇಲೆ
ಬ್ಲೀಚಿನಲ್ಲಿ ಮುಳುಗಿಸುವ ಮೊದಲು
ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಹನ್ನೊಂದು ಮಿಲ್ಲಿಮೀಟರ್.
ನನ್ನ ಕಿರುಬೆರಳಿನ ಉಗುರು.
ಅಷ್ಟಗಲ ಜಾಗದಲ್ಲಿ ಅಮ್ಮ ಅವನನ್ನು
ಎರಡು ದಿನ ನಿಲ್ಲಿಸಿದ್ದಳು.

ತಟ್ಟೆ ತೊಳೆದೆ. ಎಂದಿನಂತೆ
ಮೂರು ನೀರು, ಕೊನೆಗೊಂದು ಬಟ್ಟಿ ಇಳಿಸಿದ್ದು.

ಇನ್ನೂ ಕಾಲು ಕಿಲೋ ಬೇಕಿತ್ತಕ್ಕ, ಅಂದಳು ಸಂಜೆ.
ತರುವ ಅಂದೆ.
ಮುರಕಲ್ಲಿನ ಪಾಗಾರದ ಬದಿಯಲ್ಲಿ
ಆ ಪೊದೆ ಇನ್ನೂ ಉಂಟು, ಈಗಲೂ ಕೆಂಪು.
ಒಂದೇ ಬದಿಯಿಂದ ಅಗೆಯಬೇಕು,
ಇನ್ನೊಂದು ಬದಿಯ ಬೇರು ಗಿಡದ್ದು.
ಅಮ್ಮ ಅಗೆದದ್ದೂ ಹಾಗೆಯೇ,
ಆ ನಾಲ್ಕು ದಿನವೂ.